ಕೇಸಿಂಗ್ ಪೈಪು: ಕಬ್ಬಿಣವೋ ಪ್ಲಾಸ್ಟಿಕ್ಕೋ ಎಂಬುದನ್ನು ಶೇಡಿಮಣ್ಣು ಹೇಳಲಿ

ಫೆಬ್ರವರಿ ದಾಟುತ್ತಿದ್ದಂತೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆಯ ಒಳರಸ್ತೆಗಳಲ್ಲಿ ರಿಗ್ ಲಾರಿಗಳ ಓಡಾಟ ಶುರುವಾಗುತ್ತದೆ. ತೋಟದ ಕೆರೆ ತಳ ಕಂಡಿದೆ, ಬಾವಿಯ ಪಂಪು ಅರ್ಧ ಗಂಟೆಗೇ ಗಾಳಿ ಎಳೆಯುತ್ತದೆ, ಸುರಂಗದ ನೀರು ನೂಲಿನಷ್ಟಾಗಿದೆ. ಇನ್ನು ಬೋರು ತೆಗೆಸದೆ ವಿಧಿಯಿಲ್ಲ ಎಂದು ಮನೆಯವರು ತೀರ್ಮಾನಿಸುವುದು ಇದೇ ಹೊತ್ತಿಗೆ. ನೀರು ನೋಡುವವರು ಬಂದು ತೆಂಗಿನಕಾಯಿ ಹಿಡಿದು ಜಾಗ ತೋರಿಸಿಯಾಗಿರುತ್ತದೆ. ಏಜೆಂಟರ ಜತೆಗಿನ ಮಾತು ಅಡಿಗೆಷ್ಟು ಎಂಬಲ್ಲಿಂದ ಹೊರಟು ಅಡಿಗೆಷ್ಟು ಎಂಬಲ್ಲೇ ಮುಗಿಯುತ್ತದೆ. ಕೇಸಿಂಗ್ ಯಾವುದು ಎಂದು ಕೇಳುವವರು ಕಡಿಮೆ. ಕೇಳಿದರೂ ಉತ್ತರ ಸಿದ್ಧ: "ಪಿವಿಸಿ ಹಾಕುವ ಅಣ್ಣಾ, ಈಗ ಎಲ್ಲರೂ ಅದನ್ನೇ ಹಾಕುದು. ಏನೂ ಆಗ್ಲಿಕ್ಕಿಲ್ಲ."

ಆ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧಕ್ಕೆ ಕೃಷಿಕ ಐದಾರು ವರ್ಷದ ನಂತರ ದುಡ್ಡು ಕೊಡಬೇಕಾಗುತ್ತದೆ.

ಲಾರಿಗಳಲ್ಲಿ ಹೆಚ್ಚಿನವು ತಮಿಳುನಾಡಿನ ತಿರುಚೆಂಗೋಡು ಕಡೆಯವು. ದೇಶದ ಬೋರ್‌ವೆಲ್ ರಿಗ್ಗುಗಳ ತವರೂರು ಅದು. ಕೆಲಸದವರ ಮಾತು ತಮಿಳು ಅಥವಾ ಹಿಂದಿ, ಏಜೆಂಟರದ್ದು ಮಲೆಯಾಳ, ಮನೆಯವರದ್ದು ಕನ್ನಡವೋ ತುಳುವೋ. ಎಲ್ಲ ಭಾಷೆಯಲ್ಲೂ ಕೇಸಿಂಗ್ ಎಂದರೆ ಕೇಸಿಂಗೇ. ಆದರೆ ಬಿಲ್ಲಿನಲ್ಲಿ ಅದು ಒಂದೇ ಗೆರೆ: ಇಷ್ಟು ಅಡಿ, ಇಷ್ಟು ರೂಪಾಯಿ. ಯಾವ ದಪ್ಪ, ಯಾವ ಗುಣಮಟ್ಟ, ಬಂಡೆಯೊಳಗೆ ಎಷ್ಟು ಇಳಿಸಿದ್ದು, ಸುತ್ತಲಿನ ಸಂದಿಗೆ ಏನು ತುಂಬಿದ್ದು ಎಂಬುದು ಯಾವ ಭಾಷೆಯಲ್ಲೂ ಬರೆದಿರುವುದಿಲ್ಲ.

ಕೆಳಗೆ ಇರುವುದೇನು?

ಕಾಸರಗೋಡಿನ ಗುಡ್ಡೆಗಳಲ್ಲಿ ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿಮಣ್ಣು, ಅದರಡಿ ಕೊಳೆತ ಬಂಡೆ, ಆಮೇಲೆ ಗಟ್ಟಿ ಕರಿಕಲ್ಲು. ಸುರಂಗ ಕೊರೆದವರಿಗೂ ಬಾವಿ ತೋಡಿದವರಿಗೂ ಇದು ಹೊಸ ವಿಷಯವಲ್ಲ. ಮುರಕಲ್ಲು ತನ್ನಷ್ಟಕ್ಕೆ ನಿಲ್ಲುತ್ತದೆ. ಕಟ್ಟೆ ಕಟ್ಟದ ಬಾವಿಗಳು ತಲೆಮಾರುಗಳ ಕಾಲ ನಿಂತದ್ದು ಅದರಿಂದಲೇ. ಶೇಡಿಯ ಗುಣ ಬೇರೆ. ಒಣಗಿದಾಗ ಸುಣ್ಣದ ಉಂಡೆಯಂತೆ ಕಾಣುವ ಆ ಬಿಳಿ, ಗುಲಾಬಿ ಮಣ್ಣು ನೀರು ಕುಡಿದರೆ ಅಂಬಲಿಯಾಗಿ ಜಾರುತ್ತದೆ. ಕೇಸಿಂಗ್ ಪೈಪಿನ ಮೊದಲ ಕೆಲಸ ಈ ಶೇಡಿಯನ್ನು ಆಚೆ ನಿಲ್ಲಿಸುವುದು. ಎರಡನೆಯದು ಮೇಲಿನ ಕೊಳೆ ನೀರು ಕೆಳಗಿಳಿಯದಂತೆ ತಡೆಯುವುದು. ಕರಿಕಲ್ಲಿಗೆ ಕೇಸಿಂಗ್ ಬೇಡ, ಅದು ತಾನೇ ನಿಲ್ಲುತ್ತದೆ. 500 ಅಡಿ ಬೋರಿಗೆ 500 ಅಡಿ ಪೈಪು ಬೇಕಾದೀತು ಎಂದು ಹೆದರುವವರಿಗೂ, 20 ಅಡಿ ಸಾಕು ಎಂದು ಚೌಕಾಸಿ ಮಾಡುವವರಿಗೂ ಈ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಎಷ್ಟು ಅಡಿ ಬೇಕೆಂಬುದು ಶೇಡಿ ಎಲ್ಲಿಯವರೆಗೆ ಇದೆ ಎಂಬುದರ ಮೇಲೆ ನಿಂತಿದೆ. ಅದು ಒಂದೇ ಗುಡ್ಡೆಯ ಎರಡು ಬದಿಗಳಲ್ಲಿ ಬೇರೆಯಾಗಿರಬಹುದು.

ಗಡಿ ದಾಟಿ ವಿಟ್ಲ, ಪುತ್ತೂರು, ಸುಳ್ಯಕ್ಕೆ ಹೋದರೂ ಹೆಚ್ಚುಕಮ್ಮಿ ಇದೇ ಮಣ್ಣು, ಇವೇ ಲಾರಿಗಳು. ಮಣ್ಣಿಗೆ ರಾಜ್ಯದ ಗಡಿ ಗೊತ್ತಿಲ್ಲ.

ಕಬ್ಬಿಣ ಸೋತದ್ದು ಯಾಕೆ?

ಹಿಂದೆ ತೆಗೆದ ಬೋರುಗಳಲ್ಲಿ ಕಬ್ಬಿಣದ ಕೇಸಿಂಗ್ ಸಾಮಾನ್ಯವಾಗಿತ್ತು. ಗಟ್ಟಿತನದಲ್ಲಿ ಅದಕ್ಕೆ ಸಾಟಿಯಿಲ್ಲ. ಬಂಡೆಕಲ್ಲು ಬಡಿದರೂ ಸೀಳುವುದಿಲ್ಲ, ಇಳಿಯದಿದ್ದರೆ ಮೇಲಿನಿಂದ ಬಡಿದು ಇಳಿಸಬಹುದು, ಒಂದಕ್ಕೊಂದು ವೆಲ್ಡ್ ಮಾಡಬಹುದು, ಬಿಸಿಲಿಗೆ ಹೆದರುವುದಿಲ್ಲ. ಆದರೂ ಮಲೆನಾಡಿನ ಅಂಚಿನಿಂದ ಕಡಲ ತೀರದವರೆಗೆ ಅದು ಹಿಂದೆ ಸರಿಯಿತು. ಕಾರಣ ಬೆಲೆಯೊಂದೇ ಅಲ್ಲ, ನೀರು.

ಮುರಕಲ್ಲಿನ ನೀರು ಸಾಮಾನ್ಯವಾಗಿ ಹುಳಿ. ಬಾಯಿಗೆ ಹುಳಿಯಲ್ಲ, ಪರೀಕ್ಷೆಯಲ್ಲಿ ಹುಳಿ. ಕುಡಿಯುವ ನೀರಿನ ಪಿ.ಎಚ್. 6.5ರಿಂದ 8.5ರ ಒಳಗೆ ಇರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ಕೇರಳದ ಮುರಕಲ್ಲು ಪ್ರದೇಶದ ಬಾವಿಗಳಲ್ಲಿ 6.5ಕ್ಕಿಂತ ಕೆಳಗೆ ಸಿಗುವುದು ಅಪರೂಪವೇನಲ್ಲ. ಇಂಥ ನೀರು ಕಬ್ಬಿಣವನ್ನು ತಿನ್ನುತ್ತದೆ. ಸತು ಲೇಪಿಸಿದ ಜಿ.ಐ. ಪೈಪಿಗೂ ಬಹುಕಾಲದ ರಕ್ಷಣೆಯಿಲ್ಲ. ದೇಶದ ಉದ್ದಗಲಕ್ಕೂ ಹೋದ ಇಂಡಿಯಾ ಮಾರ್ಕ್ 2 ಕೈಪಂಪುಗಳ ಜಿ.ಐ. ಪೈಪುಗಳು ಹುಳಿ ನೀರಿರುವಲ್ಲಿ ಬೇಗ ತೂತಾಗುತ್ತವೆ ಎಂಬುದು 1980ರ ದಶಕದಲ್ಲೇ ಹಲವು ದೇಶಗಳ ಅನುಭವವಾಗಿತ್ತು. ಕೆಂಪು ನೀರು ಬರುವ ಕೈಪಂಪನ್ನು ಬಿಟ್ಟು ಹೆಂಗಸರು ಮತ್ತೆ ಹಳೆ ಬಾವಿಗೇ ಕೊಡ ಹಿಡಿದು ಹೋದ ಊರುಗಳು ಕಡಿಮೆಯಿಲ್ಲ. ಅನ್ನ ಕೆಂಪು, ಬಟ್ಟೆ ಕೆಂಪು, ಚಾ ಮಾಡಿದರೆ ಕಪ್ಪು.

ಕೆಂಪು ನೀರೆಲ್ಲ ಪೈಪಿನದ್ದೇ ಎಂದಲ್ಲ. ಮುರಕಲ್ಲಿನಲ್ಲೇ ಕಬ್ಬಿಣವಿದೆ, ಅದು ನೀರಿಗೂ ಬರಬಹುದು. ಇದನ್ನು ತಿಳಿಯಲು ಸುಲಭದ ದಾರಿಯೊಂದಿದೆ. ರಾತ್ರಿಯಿಡೀ ಪಂಪು ನಿಲ್ಲಿಸಿ, ಬೆಳಿಗ್ಗೆ ಬಂದ ಮೊದಲ ನೀರನ್ನು ಒಂದು ಬಾಟಲಿಯಲ್ಲೂ, ಒಂದು ಗಂಟೆ ಓಡಿಸಿದ ಮೇಲಿನ ನೀರನ್ನು ಇನ್ನೊಂದರಲ್ಲೂ ಹಿಡಿದಿಡಬೇಕು. ಮೊದಲನೆಯದು ತುಂಬ ಕೆಂಪಾಗಿ ಎರಡನೆಯದು ತಿಳಿಯಾದರೆ ದೋಷ ಹೆಚ್ಚಾಗಿ ಪೈಪಿನದ್ದು. ಎರಡೂ ಒಂದೇ ಥರ ಇದ್ದರೆ ನೆಲದ್ದು. ಎಷ್ಟೋ ಮನೆಗಳಲ್ಲಿ ಈ ಒಂದು ಪರೀಕ್ಷೆ ಮಾಡದೆಯೇ ಸಾವಿರಾರು ರೂಪಾಯಿಯ ಫಿಲ್ಟರ್ ಬಂದು ಕೂತಿದೆ.

ತುಕ್ಕಿನ ಕೊನೆಯ ಆಟ ಬಣ್ಣವಲ್ಲ, ತೂತು. ಕೇಸಿಂಗಿನಲ್ಲಿ ನೀರು ಏರಿಳಿಯುವ ಜಾಗದಲ್ಲಿ ಗಾಳಿಯೂ ನೀರೂ ಸರದಿಯಂತೆ ತಾಗುವುದರಿಂದ ಅಲ್ಲೇ ಪೈಪು ಮೊದಲು ಸವೆಯುತ್ತದೆ. ತೂತಿನಿಂದ ಶೇಡಿ ಒಳಗೆ ಬರುತ್ತದೆ, ನೀರು ಹಾಲಿನಂತಾಗುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೋಟಾರಿನ ಮೇಲೆ ಹತ್ತಾರು ಅಡಿ ಕೆಸರು ಕೂತಿರುತ್ತದೆ. ಮೇಲೆತ್ತಲು ಹೋದರೆ ಹಗ್ಗ ತುಂಡು. ಬೋರೂ ಹೋಯಿತು, ಮೋಟಾರೂ ಹೋಯಿತು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಂತೂ ಉಪ್ಪಿನಂಶ ಸೇರಿ ತುಕ್ಕು ಇನ್ನೂ ಚುರುಕು. ಅಲ್ಲಿ ಕಬ್ಬಿಣದ ಕೇಸಿಂಗ್ ಬಗ್ಗೆ ಮಾತನಾಡಿ ಸಮಯ ಹಾಳುಮಾಡುವುದು ಬೇಡ.

ಹಾಗಾದರೆ ಪ್ಲಾಸ್ಟಿಕ್ಕೇ ಸರಿ. ಪಿವಿಸಿಗೆ ತುಕ್ಕಿಲ್ಲ, ಹುಳಿ ನೀರಾಗಲಿ ಉಪ್ಪು ನೀರಾಗಲಿ ಅದಕ್ಕೆ ಲೆಕ್ಕಕ್ಕಿಲ್ಲ. ಹಗುರವೂ ಹೌದು. ಏಳು ಇಂಚು ಎಂದು ಕರೆಯುವ 180 ಮಿ.ಮೀ. ಪೈಪನ್ನೇ ತೆಗೆದುಕೊಂಡರೆ, ಎಂಟು ಮಿ.ಮೀ. ದಪ್ಪದ ಪಿವಿಸಿಯ 20 ಅಡಿ ತುಂಡು ಸುಮಾರು 36 ಕಿಲೋ ತೂಗುತ್ತದೆ, ಐದು ಮಿ.ಮೀ. ದಪ್ಪದ ಉಕ್ಕಿನದ್ದು ಸುಮಾರು 130 ಕಿಲೋ. ಅಡಿಕೆ ತೋಟದ ಓಣಿಯಲ್ಲಿ, ಲಾರಿ ಹೋಗದ ಕಡೆ, ಇಬ್ಬರು ಹೊತ್ತು ತರಬಹುದಾದದ್ದು ಯಾವುದೆಂದು ಬೇರೆ ಹೇಳಬೇಕಿಲ್ಲ.

ಆರು ಕೆಜಿಯ ಮೋಸ

ಪಿವಿಸಿ ಎಂದರೆ ಎಲ್ಲ ಪಿವಿಸಿಯೂ ಒಂದೇ ಎಂದುಕೊಳ್ಳುವಲ್ಲಿ ಜನ ಬೀಳುತ್ತಾರೆ. ಅಂಗಡಿಯಲ್ಲಿ "ನಾಲ್ಕು ಕೆಜಿ, ಆರು ಕೆಜಿ, ಹತ್ತು ಕೆಜಿ" ಎಂದು ಮಾರುವ ಪೈಪು ನೀರು ಸಾಗಿಸುವುದಕ್ಕೆ ಮಾಡಿದ್ದು. ಅದರ ಮಾನಕ ಐ.ಎಸ್. 4985. ಆ ಕೆಜಿ ಪೈಪಿನ ಒಳಗಿನಿಂದ ಬರುವ ಒತ್ತಡದ ಲೆಕ್ಕ. ಕೇಸಿಂಗಿಗೆ ಬೀಳುವ ಭಾರ ಹೊರಗಿನಿಂದ. ಬೈಕಿನ ಟ್ಯೂಬಿಗೆ ಎಷ್ಟು ಗಾಳಿ ಹಿಡಿಯುತ್ತದೆ ಎಂದು ನೋಡಿ ಅದರ ಮೇಲೆ ಕಲ್ಲು ಪೇರಿಸಿದ ಹಾಗೆ ಇದು. ಬೋರ್‌ವೆಲ್‌ಗೆಂದೇ ಬೇರೆ ಮಾನಕವಿದೆ: ಐ.ಎಸ್. 12818. ಅದರಲ್ಲಿ ಕೇಸಿಂಗ್ ಪೈಪುಗಳನ್ನು ಬಾವಿಯ ಆಳಕ್ಕೆ ತಕ್ಕಂತೆ ಸಿ.ಎಸ್., ಸಿ.ಎಂ., ಸಿ.ಡಿ. ಎಂದು ಮೂರಾಗಿ ವಿಂಗಡಿಸಿದ್ದಾರೆ: 80 ಮೀಟರ್‌ವರೆಗೆ ಮೊದಲನೆಯದು, 250ರವರೆಗೆ ಎರಡನೆಯದು, ಅದಕ್ಕಿಂತ ಆಳಕ್ಕೆ ಮೂರನೆಯದು. ಉಕ್ಕಿನ ಕೇಸಿಂಗಿಗೆ ಇರುವುದು ಐ.ಎಸ್. 4270. ಪೈಪಿನ ಮೈಮೇಲೆ ಈ ನಂಬ್ರ ಅಚ್ಚಾಗಿರಬೇಕು. ಲಾರಿಯಿಂದ ಇಳಿಸುವಾಗಲೇ ಟಾರ್ಚ್ ಹಿಡಿದು ಓದಿ ನೋಡಬಹುದು, ಯಾರೂ ಬೇಡ ಎನ್ನಲಾರರು.

ದಪ್ಪದ ವಿಷಯದಲ್ಲಿ ಚೌಕಾಸಿ ಯಾಕೆ ಬೇಡ ಎಂಬುದಕ್ಕೆ ಲೆಕ್ಕವೇ ಇದೆ. ಒಂದೇ ಅಗಲದ ಪೈಪಿನ ದಪ್ಪ ಅರ್ಧವಾದರೆ ಹೊರಗಿನ ಒತ್ತಡ ತಡೆಯುವ ಶಕ್ತಿ ಅರ್ಧವಾಗುವುದಲ್ಲ, ಸುಮಾರು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಆಟಿ ತಿಂಗಳ ಮಳೆಗೆ ಗುಡ್ಡೆ ಪೂರ್ತಿ ನೀರು ಕುಡಿದು ನಿಂತಾಗ 60 ಅಡಿ ಕೇಸಿಂಗಿನ ಬುಡದಲ್ಲಿ ಹೊರಗಿನ ನೀರು ಒಂದೇ ಚದರ ಸೆಂಟಿಮೀಟರಿಗೆ ಸುಮಾರು 1.8 ಕಿಲೋ ಒತ್ತುತ್ತದೆ. ಆರು ಕೆಜಿ ಪೈಪಿಗೆ ಇದೇನು ಮಹಾ ಎನಿಸೀತು. ಆದರೆ ತೆಳು ಪೈಪು ಹೊರಗಿನಿಂದ ತಡೆಯುವುದು ಆ ಆರರಲ್ಲಿ ಸಣ್ಣದೊಂದು ಪಾಲನ್ನು ಮಾತ್ರ. ನೀರಿನ ಜತೆ ಜಾರಿದ ಶೇಡಿಯ ಭಾರವೂ ಸೇರಿತು, ಒಳಗಡೆ ಪಂಪು ನೀರನ್ನೆಲ್ಲ ಎಳೆದು ಖಾಲಿ ಮಾಡಿತು ಎಂದರೆ ಪೈಪು ಚಪ್ಪಟೆಯಾಗುತ್ತದೆ. ಬೋರು ತೆಗೆದ ದಿನವೇ ಕಂಪ್ರೆಸರ್ ಗಾಳಿಯಿಂದ ನೀರು ಹೊರಗೆಸೆಯುವಾಗಲೂ ಇದೇ ಅಪಾಯ. ಮಾರ್ಚಿನಲ್ಲಿ ತೆಗೆದ ಬೋರು ಎಪ್ರಿಲ್, ಮೇಯಲ್ಲಿ ಚೆನ್ನಾಗಿ ನೀರು ಕೊಟ್ಟು ಜುಲೈಯಲ್ಲಿ ಮೋಟಾರು ಸಿಕ್ಕಿಬಿದ್ದರೆ ಜಾಗ ನೋಡಿದವರನ್ನು ಬಯ್ಯುವ ಮೊದಲು ಪೈಪಿನ ದಪ್ಪ ಎಷ್ಟಿತ್ತು ಎಂದು ವಿಚಾರಿಸುವುದು ನ್ಯಾಯ.

ಜೋಡಣೆಯಲ್ಲೂ ಅವಸರ. ಗಮ್ ಹಚ್ಚಿ ಒಣಗಲು ಬಿಡಬೇಕಾದಷ್ಟು ಹೊತ್ತು ಬಿಡಲು ರಿಗ್ಗಿನವರಿಗೆ ಪುರುಸೊತ್ತಿಲ್ಲ, ರಾತ್ರಿ ಇನ್ನೊಂದು ಕಡೆ ಪಾಯಿಂಟ್ ಇದೆ. ಅದಕ್ಕೆ ಬದಿಯಿಂದ ಸ್ಕ್ರೂ ಹೊಡೆಯುತ್ತಾರೆ. ಆ ಸ್ಕ್ರೂಗಳ ಮೊನೆ ಒಳಗೆ ಚಾಚಿಕೊಂಡು, ಮೋಟಾರು ಇಳಿಸುವಾಗ ಎತ್ತುವಾಗ ಕೇಬಲ್ಲಿನ ಸಿಪ್ಪೆ ಸುಲಿಯುತ್ತದೆ. ಶಾರ್ಟ್ ಆದಾಗ ದೂರು ಹೋಗುವುದು ವೈಂಡಿಂಗ್ ಮಾಡಿದವನ ಮೇಲೆ. ಮರೆ ಕೊರೆದ, ಒಂದರೊಳಗೊಂದು ತಿರುಗಿಸಿ ಕೂರಿಸುವ ಕೇಸಿಂಗ್ ಪೈಪು ಸಿಗುತ್ತದೆ. ಬೆಲೆ ತುಸು ಹೆಚ್ಚು, ಗಮ್ಮೂ ಬೇಡ ಸ್ಕ್ರೂವೂ ಬೇಡ.

ಇನ್ನೊಂದು ಪ್ರಶ್ನೆಯನ್ನು ಓದು ಬಲ್ಲ ಮನೆಗಳಲ್ಲಿ ಕೇಳುತ್ತಾರೆ: ಪ್ಲಾಸ್ಟಿಕ್ಕಿನ ವಿಷ ನೀರಿಗೆ ಬರುವುದಿಲ್ಲವೇ? ಪಿವಿಸಿ ಪೈಪು ಮಾಡುವಾಗ ಸೀಸ ಸೇರಿದ ಸ್ಟೆಬಿಲೈಸರ್ ಬಳಸುವ ರೂಢಿ ಇತ್ತು. ಅದನ್ನು ತಡೆಯಲೆಂದೇ ಕೇಂದ್ರ ಸರಕಾರ 2021ರಲ್ಲಿ ಪ್ರತ್ಯೇಕ ನಿಯಮ ತಂದಿದೆ. ಹುಳಿ ನೀರಿನ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಗುರುತಿಲ್ಲದ, ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಅಗ್ಗದ ಪೈಪನ್ನು ಕುಡಿಯುವ ನೀರಿನ ಬೋರಿಗೆ ಹಾಕುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ಪೈಪಿನ ಹೊರಗಿನ ಸಂದಿ

ಇನ್ನು ಮನೆಯವರೂ ಕೇಳದ, ರಿಗ್ಗಿನವರೂ ಹೇಳದ, ಎಲ್ಲಕ್ಕಿಂತ ದೊಡ್ಡ ವಿಷಯ. ಏಳು ಇಂಚಿನ ಪೈಪು ಇಳಿಸಲು ಅದಕ್ಕಿಂತ ದೊಡ್ಡ ತೂತು ಕೊರೆಯಬೇಕು. ಪೈಪಿಗೂ ಮಣ್ಣಿಗೂ ನಡುವೆ ಸುತ್ತಲೂ ಒಂದು ಸಂದಿ ಉಳಿಯುತ್ತದೆ. ಅದನ್ನು ಜೇಡಿಯಿಂದಲೋ ಸಿಮೆಂಟಿನಿಂದಲೋ ಮುಚ್ಚದಿದ್ದರೆ ಕೇಸಿಂಗ್ ಕಬ್ಬಿಣದ್ದಾದರೇನು, ಚಿನ್ನದ್ದಾದರೇನು? ಅಂಗಳದ ನೀರು, ಹಟ್ಟಿಯ ಗಂಜಲ, ಕಕ್ಕಸು ಗುಂಡಿಯ ಒಸರು ಆ ಸಂದಿಯಲ್ಲಿ ನೇರ ಕೆಳಗೆ. ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ ಏಳೂವರೆ ಮೀಟರ್ ದೂರವಿರಬೇಕು ಎಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಹತ್ತು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಬೋರು, ಗುಂಡಿ ಎಲ್ಲ ಇರುವಾಗ, ಪಕ್ಕದ ಮನೆಯ ಗುಂಡಿಯೂ ಬೇಲಿಯ ಬುಡದಲ್ಲೇ ಇರುವಾಗ, ಆ ದೂರವನ್ನು ಕಾಗದದ ಮೇಲೆ ತೋರಿಸಬಹುದಷ್ಟೆ.

ಆ ಸಂದಿಯಿಂದ ಇನ್ನೊಂದು ಅನ್ಯಾಯವೂ ಆಗುತ್ತದೆ, ಅದು ನೆರೆಮನೆಗೆ. ತೆರೆದ ಬಾವಿಗೂ ಸುರಂಗಕ್ಕೂ ನೀರು ಬರುವುದು ಮುರಕಲ್ಲಿನೊಳಗಿಂದ, ಶೇಡಿಯ ಮೇಲಿನಿಂದ. ಬೋರಿನ ನೀರು ಬರುವುದು ಕೆಳಗಿನ ಬಂಡೆಯ ಬಿರುಕಿನಿಂದ. ನಡುವಿನ ಶೇಡಿಯೇ ಎರಡನ್ನೂ ಬೇರೆಯಾಗಿ ಇಟ್ಟದ್ದು. ಬಂಡೆಗೆ ಸರಿಯಾಗಿ ಕೂರಿಸದ ಕೇಸಿಂಗ್, ಮುಚ್ಚದ ಸಂದಿ ಎರಡೂ ಸೇರಿದರೆ ಮೇಲಿನ ನೀರು ಕೆಳಗಿಳಿಯಲು ಒಂದು ಕೊಳವೆ ಸಿಕ್ಕಂತೆ. ಬೋರಿನವರು "ಒಳ್ಳೆ ನೀರು ಸಿಕ್ಕಿತು" ಎಂದು ಪಾಯಸ ಮಾಡುವಾಗ ಕೆಳಗಿನ ಮನೆಯವರ ಸುರಂಗ ಬತ್ತಿರಬಹುದು. ಕಾಸರಗೋಡು ಬ್ಲಾಕನ್ನು 2017ರ ಅಂತರ್ಜಲ ಲೆಕ್ಕಾಚಾರದಲ್ಲಿ 'ಕ್ರಿಟಿಕಲ್' ಪಟ್ಟಿಗೆ ಹಾಕಿದ್ದರು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ, 12 ಹೊಳೆಗಳಿರುವ ಜಿಲ್ಲೆಯ ಮಾತು ಇದು. ಎಷ್ಟು ಬೋರು ಕೊರೆದರು ಎಂದು ಎಲ್ಲರೂ ಲೆಕ್ಕ ಕೇಳುತ್ತಾರೆ, ಹೇಗೆ ಕೊರೆದರು ಎಂದು ಕೇಳುವುದಿಲ್ಲ.

ಸಂದಿ ಮುಚ್ಚುವಲ್ಲಿ ಪ್ಲಾಸ್ಟಿಕ್ಕಿಗೆ ಒಂದು ದೌರ್ಬಲ್ಯವಿದೆ ಎಂಬುದನ್ನು ಮುಚ್ಚಿಡಬಾರದು. ಸಿಮೆಂಟು ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಬಿಸಿಗೆ ಪಿವಿಸಿ ಮೆತ್ತಗಾಗುತ್ತದೆ. ತೆಳು ಪೈಪಿನ ಸುತ್ತ ಒಮ್ಮೆಲೇ ಸಿಮೆಂಟು ಸುರಿದರೆ ಪೈಪು ಒಳಗೆ ಬಾಗಬಹುದು. ಒಳಗೆ ನೀರು ತುಂಬಿಸಿಟ್ಟು, ಸ್ವಲ್ಪ ಸ್ವಲ್ಪವಾಗಿ, ಹಂತಹಂತವಾಗಿ ಹಾಕಬೇಕು. ಬೆಂಟೊನೈಟ್ ಜೇಡಿಯಾದರೆ ಬಿಸಿಯ ಭಯವೇ ಇಲ್ಲ. "ಶೇಡಿ ತಾನೇ ಬಂದು ಹಿಡ್ಕೊಳ್ತದೆ ಮಾರಾಯ್ರೆ, ನೀವು ಯಾಕೆ ತಲೆಬಿಸಿ ಮಾಡುದು" ಎಂಬ ಮಾತು ಸಾಮಾನ್ಯ. ಕೆಲವೊಮ್ಮೆ ಹಿಡಿದುಕೊಳ್ಳುತ್ತದೆ ಕೂಡ. ಕುಡಿಯುವ ನೀರನ್ನು ಕೆಲವೊಮ್ಮೆಯ ಮೇಲೆ ಬಿಡುವುದು ಸರಿಯೇ ಎಂಬುದಷ್ಟೇ ಪ್ರಶ್ನೆ.

ಉಕ್ಕಿಗೆ ಈಗಲೂ ಜಾಗವಿದೆ. ಮೇಲ್ಪದರದಲ್ಲಿ ಉಂಡೆ ಬಂಡೆಗಳು ತುಂಬಿದ್ದು ಪೈಪನ್ನು ಬಡಿದೇ ಇಳಿಸಬೇಕಾದಲ್ಲಿ, ಶೇಡಿ ತೀರ ಆಳವಿದ್ದಲ್ಲಿ ದಪ್ಪ ಉಕ್ಕು ಹಾಕಿ ತುಕ್ಕಿಗೆ ಸಿದ್ಧವಾಗಿರುವುದೇ ವಾಸಿ. ಪಿವಿಸಿ ಹಾಕಿದರೂ ನೆಲದ ಮೇಲೆ ಎದ್ದು ಕಾಣುವ ಒಂದೆರಡು ಅಡಿಗೆ ಕಬ್ಬಿಣದ ಹೊದಿಕೆ ಬೇಕು. ಬಿಸಿಲಿಗೆ ಪಿವಿಸಿ ವರ್ಷ ಕಳೆದಂತೆ ಪೆಡಸಾಗುತ್ತದೆ. ಆಮೇಲೆ ಜೀಪಿನ ಬಂಪರ್ ತಾಗಿದರೂ ಸಾಕು, ದನ ಮೈ ಉಜ್ಜಿದರೂ ಸಾಕು, ಬಿರುಕು.

ಪಂಚಾಯತು ಏನು ಮಾಡಬಹುದು?

ಕೇರಳದಲ್ಲಿ 2002ರಿಂದ ಅಂತರ್ಜಲ ನಿಯಂತ್ರಣದ ಕಾಯಿದೆ ಇದೆ. ಅನುಮತಿ, ನೋಂದಣಿ ಎಂದು ಕಾಗದಗಳೂ ಇವೆ. ಆ ಕಾಗದಗಳಲ್ಲಿ ನಾಲ್ಕು ವಿವರ ಸೇರಿಸಿದರೆ ಖರ್ಚೇನೂ ಇಲ್ಲ: ಪೈಪಿನ ಮಾನಕ ಮತ್ತು ದಪ್ಪ, ಗಟ್ಟಿ ಬಂಡೆ ಸಿಕ್ಕ ಆಳ, ಕೇಸಿಂಗ್ ನಿಂತ ಆಳ, ಸಂದಿಗೆ ತುಂಬಿದ್ದೇನು. ಮನೆಯವರ ಕೈಗೆ ಅದರ ಒಂದು ಪ್ರತಿ, ಅವರು ಓದಬಲ್ಲ ಭಾಷೆಯಲ್ಲಿ. ಮುಂದೊಂದು ದಿನ ಬೋರು ಕೈಕೊಟ್ಟಾಗ ರಿಪೇರಿಯವನಿಗೆ ಬೇಕಾಗುವುದು ಇವೇ ನಾಲ್ಕು. ಈಗ ಇದನ್ನೆಲ್ಲ ನೆನಪಿಟ್ಟುಕೊಂಡಿರುವವರು ರಿಗ್ಗಿನ ಹುಡುಗರು. ಅವರು ಆಗಲೇ ಬೇರೆ ರಾಜ್ಯದಲ್ಲಿರುತ್ತಾರೆ.

ನೀರು ಸಿಗದ ಬೋರಿನ ಕತೆ ಬೇರೆ. ಪಿವಿಸಿ ಹಗುರವಾದದ್ದೇ ಇಲ್ಲಿ ಶಾಪ. ಒಣ ಬೋರಿನ ಪೈಪನ್ನು ಎಳೆದು ತೆಗೆದು ಮುಂದಿನ ಬೋರಿಗೆ ಹಾಕುವುದು, ಇಲ್ಲವೇ ಮಾರುವುದು ಎಲ್ಲ ಕಡೆ ನಡೆಯುತ್ತದೆ. ಪೈಪಿನ ದುಡ್ಡಾದರೂ ಬಂತಲ್ಲ ಎಂಬ ಸಮಾಧಾನ. ಹಿಂದೆ ಉಳಿಯುವುದು ಬಾಯಿ ತೆರೆದ ತೂತು, ಅದರ ಮೇಲೊಂದು ಗೋಣಿ, ಗೋಣಿಯ ಮೇಲೆ ಒಂದು ಕಲ್ಲು. 2014ರಲ್ಲಿ ಬಾಗಲಕೋಟೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿಯ ಝುಂಜರವಾಡದಲ್ಲಿ ಮಕ್ಕಳು ಕೊಳವೆಬಾವಿಗೆ ಬಿದ್ದು ಸತ್ತದ್ದನ್ನು ಇಡೀ ನಾಡು ದಿನಗಟ್ಟಲೆ ಟಿ.ವಿ.ಯಲ್ಲಿ ನೋಡಿದೆ. ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟವಾಗಿ ಹೇಳಿತ್ತು: ಕೇಸಿಂಗಿನ ಬಾಯಿಗೆ ಉಕ್ಕಿನ ತಗಡು ವೆಲ್ಡ್ ಮಾಡಬೇಕು, ಇಲ್ಲವೇ ಬಲವಾದ ಮುಚ್ಚಳವನ್ನು ನಟ್ಟುಬೋಲ್ಟಿನಿಂದ ಬಿಗಿಯಬೇಕು; ಸುತ್ತ ಅರ್ಧ ಮೀಟರ್ ಚದರದ ಸಿಮೆಂಟ್ ಕಟ್ಟೆ ಬೇಕು, ನೆಲದ ಮೇಲೆ 30 ಸೆಂ.ಮೀ., ಕೆಳಗೆ 30 ಸೆಂ.ಮೀ.; ಬಿಟ್ಟ ಬೋರನ್ನು ತಳದಿಂದ ನೆಲದವರೆಗೆ ಮಣ್ಣು, ಮರಳು, ಜಲ್ಲಿಯಿಂದ ತುಂಬಬೇಕು. ಪಿವಿಸಿಗೆ ವೆಲ್ಡಿಂಗ್ ಆಗುವುದಿಲ್ಲ. ಆದ್ದರಿಂದ ನಟ್ಟುಬೋಲ್ಟಿನ ಮುಚ್ಚಳವೇ ಗತಿ, ಅದನ್ನು ರಿಗ್ಗಿನವರ ಬಿಲ್ಲಿನಲ್ಲೇ ಸೇರಿಸಿ, ಲಾರಿ ಗೇಟು ದಾಟುವ ಮೊದಲೇ ಹಾಕಿಸಿಕೊಳ್ಳಬೇಕು.